ವಿದೇಶದ ಎಂಬಿಎ: ಆರಿಸುವವರು ಯಾರು?

ಬಕ್ರೀದ್ ಮುಂಚಿನ ಸಂತೆಗೆ ಹೋದರೆ ನಮ್ಮ ಜನ ಎಷ್ಟು ಜಾಣರು ಎಂಬುದು ತಿಳಿಯುತ್ತದೆ. ಒಂದು ಹೋತ ಕೊಳ್ಳುವುದಕ್ಕೆ ಅದರ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಕಾಲು ಕುಂಟೇ, ಕೊಂಬು ಮುರಿದಿದೆಯೇ, ಕಿವಿ ಹರಿದಿದೆಯೇ ಎಂದು ತಡವುತ್ತೇವೆ. ದಲ್ಲಾಳಿ ಹೇಳಿದ ಬೆಲೆಯನ್ನು ನಂಬದೆ ಇನ್ನೂ ನಾಲ್ಕು ಕಡೆ ವಿಚಾರಿಸುತ್ತೇವೆ. ಇದೇ ಜನ ಮಗನಿಗೆ 30-40 ಲಕ್ಷ ರೂಪಾಯಿಯ ವಿದೇಶಿ ಎಂಬಿಎ ಕೊಳ್ಳುವಾಗ ತಂಪು ಗಾಳಿ ಬೀಸುವ ಹೋಟೆಲ್ ಸಭಾಂಗಣದಲ್ಲಿ ಇಪ್ಪತ್ತು ನಿಮಿಷ ಕೂತು, ಬಣ್ಣದ ಪುಸ್ತಿಕೆಯೊಂದನ್ನು ತಿರುವಿ, ಸಹಿ ಹಾಕಿ ಎದ್ದು ಬರುತ್ತಾರೆ. ಹಲ್ಲು ನೋಡುವ ಮಾತು ಹಾಗಿರಲಿ, ಪ್ರಾಣಿ ಯಾವುದೆಂದೇ ಕೇಳುವುದಿಲ್ಲ.

ಪದವಿ ಪರೀಕ್ಷೆಯ ಫಲಿತಾಂಶದ ಹೊತ್ತಿಗೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಈ ‘ಶಿಕ್ಷಣ ಮೇಳ’ಗಳು ನೆರೆಯುತ್ತವೆ. ಗೋಡೆಯ ಮೇಲೆ ಬಿಗ್ ಬೆನ್ ಗಡಿಯಾರದ ಚಿತ್ರ, ಮೇಜಿನ ಮೇಲೆ ಚಾಕೊಲೇಟು, ಎದುರಿಗೆ ಟೈ ಕಟ್ಟಿದ ಹುಡುಗ. “ಸ್ಥಳದಲ್ಲೇ ಪ್ರವೇಶ ಅಂಕಲ್. ಅರ್ಜಿ ಶುಲ್ಕ ಮನ್ನಾ. ಜಿಮ್ಯಾಟ್ ಬೇಕಿಲ್ಲ, ಕೆಲಸದ ಅನುಭವ ಬೇಕಿಲ್ಲ, ಬ್ಯಾಕ್‌ಲಾಗ್ ಇದ್ದರೂ ನಡೆಯುತ್ತೆ.” ಈ ‘ಬೇಕಿಲ್ಲ’ಗಳ ಸಾಲು ಕೇಳಿ ಅಪ್ಪಂದಿರ ಮುಖ ಅರಳುತ್ತದೆ. ಹಾಗಾದರೆ ಬೇಕಾಗಿರುವುದೇನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ಉತ್ತರ ಒಂದೇ ಪದದಲ್ಲಿ ಮುಗಿಯುತ್ತಿತ್ತು.

ವಿದೇಶದಲ್ಲಿ ‘ಸರಿಯಾದ ಎಂಬಿಎ ಆರಿಸುವುದು ಹೇಗೆ’ ಎಂದು ಪತ್ರಿಕೆಗಳ ಶಿಕ್ಷಣ ಪುರವಣಿಗಳು ವರ್ಷವರ್ಷವೂ ಬರೆಯುತ್ತವೆ. ದೇಶ ನೋಡಿ, ರ್‍ಯಾಂಕ್ ನೋಡಿ, ಹವಾಮಾನ ನೋಡಿ, ನಿಮ್ಮ ಆಸಕ್ತಿ ನೋಡಿ ಎಂದು ಬುದ್ಧಿ ಹೇಳುತ್ತವೆ. ಅದೇ ಪುಟದ ಕೆಳಗಡೆ ಅರ್ಧ ಪುಟ ಏಜೆನ್ಸಿಯ ಜಾಹೀರಾತು ಇರುತ್ತದೆ. ನಮ್ಮ ತಕರಾರು ಇಷ್ಟೇ: ಈ ಲೇಖನಗಳೆಲ್ಲ ವಿದ್ಯಾರ್ಥಿ ಆರಿಸುತ್ತಾನೆ ಎಂದು ನಂಬಿ ಬರೆದಂಥವು. ನಾವು ಕಂಡಂತೆ ನಮ್ಮ ಊರುಗಳ ಬಹುಪಾಲು ಹುಡುಗರು ಏನನ್ನೂ ಆರಿಸುವುದಿಲ್ಲ. ಅವರನ್ನು ಆರಿಸಲಾಗುತ್ತದೆ. ಯಾವ ವಿಶ್ವವಿದ್ಯಾಲಯ ಹೆಚ್ಚು ದಲಾಲಿ ಕೊಡುತ್ತದೋ ಆ ಪುಸ್ತಿಕೆ ಮೇಜಿನ ಮೇಲೆ ಮೊದಲು ಬರುತ್ತದೆ.

ಏಜೆಂಟನ ಸಲಹೆ ‘ಉಚಿತ’ ಎಂದು ಬೋರ್ಡಿನಲ್ಲೇ ಬರೆದಿರುತ್ತದೆ. ಆತ ಬಾಡಿಗೆ ಕಟ್ಟಬೇಕು, ಆ ಟೈ ಕಟ್ಟಿದ ಹುಡುಗನಿಗೆ ಸಂಬಳ ಕೊಡಬೇಕು. ಆ ದುಡ್ಡು ಬರುವುದು ವಿಶ್ವವಿದ್ಯಾಲಯದಿಂದ. ವಿಶ್ವವಿದ್ಯಾಲಯ ಅದನ್ನು ಕೊಡುವುದು ನಿಮ್ಮ ಮಗ ಕಟ್ಟಿದ ಶುಲ್ಕದಿಂದ. ತಲೆಗಿಷ್ಟು ಎಂದು ಲೆಕ್ಕ. ಮದುವೆ ದಲ್ಲಾಳಿಯಾದರೂ ಎರಡೂ ಕಡೆಯಿಂದ ಇಸಿದುಕೊಳ್ಳುತ್ತಾನೆಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಇಲ್ಲಿ ಒಂದು ಕಡೆಯವರು ಇಸಿದುಕೊಳ್ಳುವವನನ್ನು ಉಪಕಾರಿ ಎಂದು ತಿಳಿದು ಸಿಹಿ ಡಬ್ಬಿ ಒಯ್ದು ಕೊಡುತ್ತಾರೆ.

ಇದರಲ್ಲಿ ತಪ್ಪೇನು, ಎಲ್ಲ ವ್ಯಾಪಾರದಲ್ಲೂ ಕಮಿಷನ್ ಇದೆಯಲ್ಲ ಎನ್ನುವವರು ಅಮೆರಿಕದ ಕಾನೂನನ್ನು ಸ್ವಲ್ಪ ನೋಡಬೇಕು. 1992ರಲ್ಲಿ ಅಲ್ಲಿನ ಸಂಸತ್ತು ಉನ್ನತ ಶಿಕ್ಷಣ ಕಾಯ್ದೆಗೆ ಒಂದು ತಿದ್ದುಪಡಿ ತಂದಿತು. ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯುವ ಯಾವ ಕಾಲೇಜೂ ವಿದ್ಯಾರ್ಥಿಗಳನ್ನು ಸೇರಿಸಿದ್ದಕ್ಕೆ ತಲೆ ಲೆಕ್ಕದಲ್ಲಿ ಯಾರಿಗೂ ಕಮಿಷನ್ ಕೊಡಕೂಡದು ಎಂದಿತು. ಹಾಗೆ ಕೊಟ್ಟರೆ ಸಲಹೆ ಎಂಬುದು ಬೇಟೆಯಾಗುತ್ತದೆ, ಬಡವರ ಮಕ್ಕಳು ಸಾಲದಲ್ಲಿ ಮುಳುಗುತ್ತಾರೆ ಎಂಬ ಅನುಭವ ಅವರಿಗಾಗಿತ್ತು. ಬಹಳ ಒಳ್ಳೆಯ ಕಾನೂನು. ಆದರೆ ಅದರಲ್ಲೊಂದು ವಿನಾಯಿತಿ ಇಟ್ಟರು: ಹೊರದೇಶಗಳಲ್ಲಿ ವಾಸಿಸುವ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸುವುದಕ್ಕೆ ಈ ನಿಷೇಧ ಅನ್ವಯಿಸುವುದಿಲ್ಲ. ಅಂದರೆ ಓಹಿಯೋದ ಹುಡುಗನನ್ನು ತಲೆ ಲೆಕ್ಕದಲ್ಲಿ ಮಾರುವುದು ಅಪರಾಧ, ಶಿವಮೊಗ್ಗದ ಹುಡುಗನನ್ನು ಮಾರುವುದು ವ್ಯಾಪಾರ. ಅವರು ತಮ್ಮ ಮಕ್ಕಳನ್ನು ಯಾವುದರಿಂದ ಕಾಪಾಡಿಕೊಂಡರೋ ಅದನ್ನು ನಾವು ದುಡ್ಡು ಕೊಟ್ಟು ಮನೆಗೆ ಕರೆಯುತ್ತಿದ್ದೇವೆ.

ಇನ್ನು ಎಂಬಿಎ ಎಂಬ ಪದವಿಯ ಮಾತು. 1908ರಲ್ಲಿ ಹಾರ್ವರ್ಡಿನಲ್ಲಿ ಹುಟ್ಟಿದ ಈ ಪದವಿ ಇಂದು ಅಲ್ಲಿನ ಒಳ್ಳೆಯ ಶಾಲೆಗಳಲ್ಲಿ ಕೆಲವು ವರ್ಷ ಕೆಲಸ ಮಾಡಿ ಬಂದವರ ಓದು. ತರಗತಿಯಲ್ಲಿ ಒಂದು ಕಂಪೆನಿಯ ಕಷ್ಟವನ್ನು ಮುಂದಿಟ್ಟು ಚರ್ಚೆ ನಡೆಸುತ್ತಾರೆ. ಅದರಲ್ಲಿ ಮೇಷ್ಟರಿಗಿಂತ ಹೆಚ್ಚು ಕಲಿಸುವುದು ಪಕ್ಕದಲ್ಲಿ ಕೂತವನ ಅನುಭವ. ಒಬ್ಬ ಬ್ಯಾಂಕಿನಲ್ಲಿ ಐದು ವರ್ಷ ಇದ್ದವನು, ಇನ್ನೊಬ್ಬಳು ಆಸ್ಪತ್ರೆ ನಡೆಸಿದವಳು, ಮತ್ತೊಬ್ಬ ಸೈನ್ಯದಿಂದ ಬಂದವನು. ಬ್ರಿಟನ್ನಿನ ‘ಆಂಬಾ’ ಎಂಬ ಮಾನ್ಯತಾ ಸಂಸ್ಥೆಯಂತೂ ತಾನು ಮಾನ್ಯ ಮಾಡುವ ಎಂಬಿಎಗೆ ಸೇರುವವರಿಗೆ ಪದವಿಯ ನಂತರ ಕನಿಷ್ಠ ಮೂರು ವರ್ಷದ ಕೆಲಸದ ಅನುಭವ ಇರಬೇಕೆಂದು ನಿಯಮ ಮಾಡಿದೆ. ಈಗ ‘ಅನುಭವ ಬೇಕಿಲ್ಲ’ ಎಂಬ ಬೋರ್ಡನ್ನು ಮತ್ತೊಮ್ಮೆ ಓದಿ. ನಿನ್ನೆ ಬಿ.ಕಾಂ. ಮುಗಿಸಿದ ಇಪ್ಪತ್ತೊಂದರ ಹುಡುಗ ಅಂಥ ತರಗತಿಗೆ ಹೋದರೆ ಅವನ ಪಕ್ಕದಲ್ಲಿ ಕೂರುವವನು ಯಾರು? ಅದೇ ಏಜೆಂಟನ ಮೂಲಕ ಬಂದ ಇನ್ನೊಬ್ಬ ಇಪ್ಪತ್ತೊಂದರ ಹುಡುಗ. ಇಬ್ಬರೂ ಒಬ್ಬರಿಂದೊಬ್ಬರು ಏನು ಕಲಿಯಬೇಕು? ಕೋಣೆ ಬಾಡಿಗೆ ಯಾವ ಗಲ್ಲಿಯಲ್ಲಿ ಕಡಿಮೆ ಎಂಬುದನ್ನು ಕಲಿಯಬಹುದು.

ಕೆಲಸ ಕೊಡುವವರಿಗೂ ಇದು ಗೊತ್ತು. ಒಂದು ದಿನವೂ ಯಾರ ಕೈಕೆಳಗೂ ದುಡಿಯದವನನ್ನು ವ್ಯವಸ್ಥಾಪಕನೆಂದು ಲಂಡನ್ನಿನಲ್ಲಾಗಲೀ ಚಿಕಾಗೋದಲ್ಲಾಗಲೀ ಯಾರೂ ನೇಮಿಸಿಕೊಳ್ಳುವುದಿಲ್ಲ.

“ಆದರೆ ರ್‍ಯಾಂಕ್ ಇದೆಯಲ್ಲ ಸಾರ್” ಎನ್ನುತ್ತಾರೆ. ರ್‍ಯಾಂಕಿನ ಕಥೆಯನ್ನೂ ಕೇಳಿ. ಅಮೆರಿಕದ ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದ ಫಾಕ್ಸ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ ಸತತ ನಾಲ್ಕು ವರ್ಷ ಆ ದೇಶದ ಹೆಸರಾಂತ ರ್‍ಯಾಂಕ್ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. 2018ರಲ್ಲಿ ಬಯಲಾಯಿತು: ಸೇರಿದವರೆಲ್ಲರೂ ಜಿಮ್ಯಾಟ್ ಬರೆದವರೆಂದು ಪಟ್ಟಿ ಮಾಡುವವರಿಗೆ ತೋರಿಸಿದ್ದರು, ನಿಜಕ್ಕೂ ಬರೆದವರು ಸುಮಾರು ಐದನೇ ಒಂದು ಪಾಲು. ಸಣ್ಣ ಗುಮಾಸ್ತನ ತಪ್ಪಲ್ಲ. ಶಾಲೆಯ ಡೀನ್ ಆಗಿದ್ದ ಮೋಶೆ ಪೊರಾಟ್ ಅವರನ್ನೇ 2021ರ ನವೆಂಬರಿನಲ್ಲಿ ನ್ಯಾಯಾಲಯ ವಂಚನೆಯ ಅಪರಾಧಿ ಎಂದಿತು. 2022ರಲ್ಲಿ 14 ತಿಂಗಳ ಸೆರೆವಾಸ ವಿಧಿಸಿತು. ಅಮೆರಿಕದ ದೊಡ್ಡ ನಗರದ, ಹಳೆಯ, ಸರ್ಕಾರದ ನೆರವಿರುವ ವಿಶ್ವವಿದ್ಯಾಲಯದ ಸ್ಥಿತಿ ಇದು. ಹೆಸರೇ ಕೇಳದ ಊರಿನ ಹೆಸರೇ ಕೇಳದ ‘ಸ್ಕೂಲ್ ಆಫ್ ಗ್ಲೋಬಲ್ ಬಿಸಿನೆಸ್’ ತನ್ನ ಪುಸ್ತಿಕೆಯಲ್ಲಿ ಏನು ಬರೆದುಕೊಳ್ಳದು?

ಪ್ರಾಮಾಣಿಕ ಪಟ್ಟಿಯೂ ನಮ್ಮ ಪ್ರಶ್ನೆಗೆ ಉತ್ತರವಲ್ಲ. ಲಂಡನ್ನಿನ ‘ಫೈನಾನ್ಷಿಯಲ್ ಟೈಮ್ಸ್’ ಪತ್ರಿಕೆ 1999ರಿಂದ ಜಾಗತಿಕ ಎಂಬಿಎ ಪಟ್ಟಿ ಪ್ರಕಟಿಸುತ್ತಿದೆ. ಅದರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಬಳಕ್ಕೆ ದೊಡ್ಡ ತೂಕ. ಆ ಸಂಬಳವನ್ನು ಆಯಾ ದೇಶದಲ್ಲಿ ಹಣಕ್ಕಿರುವ ಕೊಳ್ಳುವ ಶಕ್ತಿಗೆ ಹೊಂದಿಸಿ ಡಾಲರಿನಲ್ಲಿ ಬರೆಯುತ್ತಾರೆ. ಬೆಂಗಳೂರಿನಲ್ಲಿ ರೂಪಾಯಿಗೆ ಬರುವಷ್ಟು ಸಾಮಾನು ನ್ಯೂಯಾರ್ಕಿನಲ್ಲಿ ಬರುವುದಿಲ್ಲವಾದ್ದರಿಂದ ನಮ್ಮ ಐಐಎಂ ಹುಡುಗರ ಸಂಬಳ ಆ ಪಟ್ಟಿಯಲ್ಲಿ ಅವರ ಕೈಗೆ ಬರುವುದಕ್ಕಿಂತ ಬಹಳ ಹಿಗ್ಗಿ ಕಾಣುತ್ತದೆ. ಇದು ಮೋಸವಲ್ಲ, ಲೆಕ್ಕದ ಒಂದು ಕ್ರಮ. ಆದರೆ ಸಾಲದ ಕಂತನ್ನು ಹಿಗ್ಗಿದ ಡಾಲರಿನಲ್ಲಿ ಕಟ್ಟಲಾಗುವುದಿಲ್ಲ.

ಅದಕ್ಕಿಂತ ದೊಡ್ಡ ಮಾತು: ಪುಸ್ತಿಕೆಯಲ್ಲಿ ಬರೆದಿರುವ ‘ನೂರಕ್ಕೆ ತೊಂಬತ್ತು ಮಂದಿಗೆ ಉದ್ಯೋಗ’ ಎಂಬುದು ಎಲ್ಲರನ್ನೂ ಸೇರಿಸಿದ ಲೆಕ್ಕ. ಅಲ್ಲೇ ಹುಟ್ಟಿ ಬೆಳೆದ, ಯಾವ ವೀಸಾವೂ ಬೇಡದವರೂ ಅದರಲ್ಲಿದ್ದಾರೆ. ಬೇಕಾಗಿರುವುದು ಹೊರಗಿನಿಂದ ಹೋದವರ ಲೆಕ್ಕ. ಅಮೆರಿಕದ ಹಲವು ಒಳ್ಳೆಯ ಬಿಸಿನೆಸ್ ಸ್ಕೂಲುಗಳು ಪ್ರತಿವರ್ಷ ಉದ್ಯೋಗ ವರದಿ ಹೊರತರುತ್ತವೆ. ಅದರಲ್ಲಿ ಆ ದೇಶದಲ್ಲಿ ಕಾಯಂ ಕೆಲಸ ಮಾಡುವ ಹಕ್ಕಿರುವವರಿಗೆ ಒಂದು ಸಾಲು, ಇಲ್ಲದವರಿಗೆ ಇನ್ನೊಂದು ಸಾಲು ಇರುತ್ತದೆ. ಎಷ್ಟು ಮಂದಿ ಕೆಲಸ ಹುಡುಕಿದರು, ಮೂರು ತಿಂಗಳಲ್ಲಿ ಎಷ್ಟು ಮಂದಿಗೆ ಸಿಕ್ಕಿತು ಎಂದು ಎದುರೆದುರು ಬರೆದಿರುತ್ತದೆ. ನಿಮ್ಮ ಮಗನ ಭವಿಷ್ಯ ಇರುವುದು ಆ ಎರಡನೆಯ ಸಾಲಿನಲ್ಲಿ. ಆ ಸಾಲನ್ನೇ ಕೊಡದ ಶಾಲೆಗೆ ಅದನ್ನು ಕೊಡದಿರಲು ಕಾರಣವಿರುತ್ತದೆ. ಶಿಕ್ಷಣ ಮೇಳದಲ್ಲಿ ನಾವು ಒಮ್ಮೆ ಈ ಪ್ರಶ್ನೆ ಕೇಳಿದ್ದುಂಟು. ಟೈ ಕಟ್ಟಿದ ಹುಡುಗ ನಮಗೆ ಚಾಕೊಲೇಟು ಕೊಟ್ಟ.

ಈಗ ವೀಸಾ. ಇದನ್ನು ಎಂಬಿಎ ಆರಿಸುವ ಪ್ರಶ್ನೆಯಿಂದ ಬೇರೆ ಎಂದು ತಿಳಿಯುವುದೇ ನಮ್ಮ ಜನ ಮಾಡುವ ದೊಡ್ಡ ತಪ್ಪು. ಸಾಲ ತೀರಬೇಕಾದರೆ ಅಲ್ಲಿ ಕೆಲವು ವರ್ಷ ದುಡಿಯಲೇಬೇಕು. ದುಡಿಯುವ ಹಕ್ಕು ವಿಶ್ವವಿದ್ಯಾಲಯದ ಕೈಯಲ್ಲಿಲ್ಲ, ಅಲ್ಲಿನ ಗೃಹಮಂತ್ರಿಯ ಕೈಯಲ್ಲಿದೆ.

ಬ್ರಿಟನ್ನನ್ನೇ ನೋಡಿ. ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡುವ ಅವಕಾಶ ಅಲ್ಲಿತ್ತು. ಅದನ್ನು ನಂಬಿ ಸಾಲ ಮಾಡಿ ಹೋದವರಿದ್ದಾಗಲೇ 2012ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿದರು. 2021ರ ಜುಲೈನಲ್ಲಿ ‘ಗ್ರಾಜುಯೇಟ್ ರೂಟ್’ ಎಂಬ ಹೆಸರಿನಲ್ಲಿ ಅದೇ ಎರಡು ವರ್ಷವನ್ನು ಮತ್ತೆ ಕೊಟ್ಟರು, ನಮ್ಮ ಏಜೆಂಟರಿಗೆ ಹಬ್ಬವಾಯಿತು. 2024ರ ಜನವರಿಯಿಂದ ಎಂಬಿಎಯಂಥ ಕೋರ್ಸಿಗೆ ಸೇರುವವರು ಹೆಂಡತಿ ಮಕ್ಕಳನ್ನು ಜತೆಗೆ ಕರೆದೊಯ್ಯುವುದನ್ನು ನಿಲ್ಲಿಸಿದರು. ನುರಿತ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಸಂಬಳದ ಮಿತಿ ಅದೇ ವರ್ಷದ ಏಪ್ರಿಲ್‌ನಲ್ಲಿ 26,200 ಪೌಂಡಿನಿಂದ 38,700ಕ್ಕೆ ಹಾರಿತು. 2025ರ ಜುಲೈನಲ್ಲಿ 41,700 ಆಯಿತು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಸ್ವಲ್ಪ ರಿಯಾಯಿತಿ ಉಂಟು, ಅದೂ ದುಬಾರಿಯೇ. 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಬಿಎ ಪದವೀಧರರಿಗೆ ಆ ಎರಡು ವರ್ಷ 18 ತಿಂಗಳಿಗೆ ಇಳಿಯುತ್ತದೆಂದು ಸರ್ಕಾರ ಹೇಳಿದೆ. ನಮ್ಮ ವಿಶ್ವವಿದ್ಯಾಲಯಗಳ ಪಠ್ಯಕ್ರಮವೂ ಇಷ್ಟು ಬೇಗ ಬದಲಾಗುವುದಿಲ್ಲ. ಪುಸ್ತಿಕೆಯಲ್ಲಿ ಮಾತ್ರ ‘ಓದಿ, ದುಡಿಯಿರಿ, ನೆಲೆಸಿರಿ’ ಎಂಬ ಮೂರು ಪದ ಅಚ್ಚಳಿಯದೆ ಉಳಿದಿವೆ.

ವಿಶ್ವವಿದ್ಯಾಲಯವೇ ಕೈಕೊಟ್ಟ ಉದಾಹರಣೆಯೂ ಇದೆ. 2012ರ ಆಗಸ್ಟಿನಲ್ಲಿ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪರವಾನಗಿಯನ್ನು ಸರ್ಕಾರ ರದ್ದು ಮಾಡಿತು. ಅದು ಬೀದಿ ಬದಿಯ ನಕಲಿ ಕಾಲೇಜಲ್ಲ, ಸಾರ್ವಜನಿಕ ವಿಶ್ವವಿದ್ಯಾಲಯ. ಎರಡು ಸಾವಿರಕ್ಕೂ ಹೆಚ್ಚು ವಿದೇಶಿ ವಿದ್ಯಾರ್ಥಿಗಳು ಓದಿನ ನಡುವೆ ಬೇರೆ ಜಾಗ ಹುಡುಕುವ ಭಯದಲ್ಲಿ ಬಿದ್ದರು. ತಪ್ಪು ದಾಖಲೆಗಳನ್ನು ಸರಿಯಾಗಿ ಇಡದ ಆಡಳಿತದ್ದು. ದಂಡ ತೆತ್ತವರು ಶುಲ್ಕ ಕಟ್ಟಿದವರು.

ಅಮೆರಿಕದ ಕಥೆ ಇನ್ನೂ ಒರಟು. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ದಾಳಿಯಾಯಿತು. ಸಾವಿರಕ್ಕೂ ಮೀರಿದ ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತದವರು, ಅದರಲ್ಲೂ ಆಂಧ್ರದವರು ಹೆಚ್ಚು. ನೂರಾರು ಮಂದಿ ಒಂದೇ ಅಪಾರ್ಟ್‌ಮೆಂಟಿನಲ್ಲಿ ವಾಸಿಸುತ್ತಾರೆಂದು ಕಾಗದದಲ್ಲಿ ಬರೆದಿತ್ತು. ಕೆಲವು ವಿದ್ಯಾರ್ಥಿಗಳ ಕಾಲಿಗೆ, ದನಕ್ಕೆ ಕಟ್ಟುವ ಗುಂಟೆಯಂತೆ, ರೇಡಿಯೊ ಪಟ್ಟಿ ಕಟ್ಟಿದರು. ಇಲ್ಲಿ ದೆಹಲಿಯಲ್ಲಿ ಗದ್ದಲವಾಯಿತು. ಅದರ ಒಡತಿ ಸೂಸನ್ ಸು ಅವರಿಗೆ 2014ರಲ್ಲಿ 16 ವರ್ಷಕ್ಕೂ ಮೀರಿದ ಸೆರೆವಾಸವಾಯಿತು ನಿಜ. ಆದರೆ ಪಟ್ಟಿ ಕಟ್ಟಿಸಿಕೊಂಡವರ ಸಾಲ? ಅದಾಗಿ ಎಂಟು ವರ್ಷಕ್ಕೆ, 2019ರ ಜನವರಿಯಲ್ಲಿ, ಮಿಷಿಗನ್‌ನಲ್ಲಿ ‘ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ’ ಎಂಬುದು ಸರ್ಕಾರದ ಗುಪ್ತ ಅಧಿಕಾರಿಗಳೇ ಬಲೆ ಬೀಸಲು ತೆರೆದ ಸುಳ್ಳು ಸಂಸ್ಥೆಯೆಂದು ಗೊತ್ತಾಯಿತು. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯಲ್ಲೂ ಅದರ ಹೆಸರು ಸೇರಿಸಿದ್ದರು. ಬಂಧಿತರಾದ ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಭಾರತೀಯರು. ಇವೆರಡೂ ಎಂಬಿಎಯ ಕಥೆಗಳಲ್ಲ. ತಗಾದೆ ಇದ್ದದ್ದು ಹೆಚ್ಚಾಗಿ ತಂತ್ರಜ್ಞಾನದ ಸ್ನಾತಕೋತ್ತರ ಕೋರ್ಸುಗಳಲ್ಲಿ. ಆದರೆ ಹುಡುಗರು ಅಲ್ಲಿಗೆ ತಲುಪಿದ ದಾರಿ ಒಂದೇ: ಬಾಯಿಮಾತು ಮತ್ತು ದಲಾಲಿ.

ಸಾಚಾ ಶಾಲೆಗೇ ಹೋದರೂ ಲೆಕ್ಕ ಮುಗಿಯಲಿಲ್ಲ. ಓದಿನ ನಂತರ ಅಲ್ಲಿ 12 ತಿಂಗಳು ಕೆಲಸ ಮಾಡಲು ಬಿಡುತ್ತಾರೆ. ಕೋರ್ಸು ವಿಜ್ಞಾನ-ತಂತ್ರಜ್ಞಾನದ ಪಟ್ಟಿಯಲ್ಲಿದ್ದರೆ, 2016ರ ನಿಯಮದಂತೆ, ಇನ್ನೂ 24 ತಿಂಗಳು. ಎಂಬಿಎ ಸಾಮಾನ್ಯವಾಗಿ ಆ ಪಟ್ಟಿಯಲ್ಲಿಲ್ಲ. ಆದರೆ ಅನೇಕ ಶಾಲೆಗಳು ತಮ್ಮ ಎಂಬಿಎಯನ್ನು ಅಥವಾ ಅದರ ಒಂದು ವಿಭಾಗವನ್ನು ಆ ಪಟ್ಟಿಗೆ ಸೇರುವ ಸಂಕೇತ ಸಂಖ್ಯೆಯಡಿ ತಂದಿವೆ. ಪ್ರವೇಶವಾದ ಮೇಲೆ ಬರುವ ಐ-20 ನಮೂನೆಯಲ್ಲಿ ಆ ಸಂಖ್ಯೆ ಅಚ್ಚಾಗಿರುತ್ತದೆ. ಒಂದು ಸಂಖ್ಯೆಯ ಮೇಲೆ ಎರಡು ವರ್ಷದ ಅನ್ನ ನಿಂತಿದೆ, ಅದನ್ನು ನೋಡುವವರಿಲ್ಲ. ಅದರ ನಂತರ ಎಚ್-1ಬಿ ಎಂಬ ಲಾಟರಿ. ವರ್ಷಕ್ಕೆ 65,000, ಅಮೆರಿಕದಲ್ಲೇ ಸ್ನಾತಕೋತ್ತರ ಓದಿದವರಿಗೆ ಮತ್ತೆ 20,000. 2025ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಹೊರದೇಶದಿಂದ ಕರೆಸಿಕೊಳ್ಳುವ ಹೊಸ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಅಲ್ಲೇ ಓದಿ ಅಲ್ಲೇ ವೀಸಾ ಬದಲಿಸುವವರಿಗೆ ಅದು ತಗಲುವುದಿಲ್ಲವೆಂದು ಆಮೇಲೆ ಸಮಜಾಯಿಷಿ ಬಂತು. ಸಮಜಾಯಿಷಿ ಬರುವ ತನಕ ನಿದ್ದೆಗೆಟ್ಟ ಮನೆಗಳು ನಮ್ಮ ಬೆಂಗಳೂರಿನಲ್ಲೇ ಎಷ್ಟೋ.

ನಮಗೆ ಗೊತ್ತಿರುವ ಮನೆಯೊಂದರ ಮಾತು ಹೇಳಬೇಕು. ತಂದೆಯದು ಮರದ ಡಿಪೋ. ಮಗನನ್ನು ಇಂಗ್ಲೆಂಡಿಗೆ ಎಂಬಿಎಗೆ ಕಳಿಸಿದರು. ವೀಸಾಕ್ಕೆ ಖರ್ಚಿನ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕೆಂಬ ನಿಯಮವಿದೆ. ಇವರಲ್ಲಿ ಅಷ್ಟು ಇರಲಿಲ್ಲ. ಏಜೆಂಟನೇ ಬಡ್ಡಿಯವನನ್ನು ಪರಿಚಯಿಸಿದ. 28 ದಿನದ ಮಟ್ಟಿಗೆ ಖಾತೆಯಲ್ಲಿ ದುಡ್ಡು ಬಂದು ಕೂತಿತು, ಎದ್ದು ಹೋಯಿತು. ಹುಡುಗ ವಿಮಾನ ಹತ್ತಿದ ದಿನದಿಂದಲೇ ಅವನ ಕೈ ಖಾಲಿ. ಆ ಇಡೀ ನಿಯಮ ಇರುವುದೇ ಅವನು ಉಪವಾಸ ಬೀಳಬಾರದೆಂದು! ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆಯಲ್ಲಿ ಬಾಡಿಗೆ ಹುಟ್ಟುತ್ತದೆ, ಶುಲ್ಕದ ಕಂತು ಹುಟ್ಟುವುದಿಲ್ಲ. ರಾತ್ರಿ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿ, ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿ ಓದು ಮುಗಿಸಿದ. ಈಗ ಅವನು ಇಲ್ಲೇ ಇದ್ದಾನೆ. ಡಿಪೋ ಇಲ್ಲ. ಮೊಹಲ್ಲಾದಲ್ಲಿ ಅವನನ್ನು ಇನ್ನೂ ‘ಲಂಡನ್ ಭಾಯಿ’ ಎನ್ನುತ್ತಾರೆ. ಪ್ರೀತಿಯಿಂದಲೇ ಎನ್ನುತ್ತಾರೆ. ಅದೇ ಅವನಿಗೆ ಸಹಿಸಲಾಗದು.

ದುಡ್ಡಿನ ಮಾತು ಬಂದ ಮೇಲೆ ನಮ್ಮವರ ಮೌನದ ಮಾತನ್ನೂ ಆಡಿಬಿಡೋಣ. ಬ್ಯಾಂಕಿನ ಬಡ್ಡಿ ಹರಾಮೋ ಅಲ್ಲವೋ ಎಂದು ಮನೆ ಸಾಲದ ವಿಷಯದಲ್ಲಿ ಮಧ್ಯರಾತ್ರಿಯ ತನಕ ವಾದಿಸುವ ಹಿರಿಯರು ವಿದೇಶಿ ಓದಿನ ಸಾಲದ ಮುಂದೆ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟರೆ ಪರ್ಯಾಯ ಹೇಳಬೇಕಾಗುತ್ತದೆ. ಬಡ್ಡಿ ಬೇಡವೆನ್ನುವವರು ತಾಯಿಯ ಒಡವೆ ಮಾರುತ್ತಾರೆ, ನಿವೇಶನ ಮಾರುತ್ತಾರೆ, ಇಲ್ಲವೇ ನೆಂಟರಿಂದ ಕೈಸಾಲ ತಂದು ನೆಂಟಸ್ತಿಕೆ ಮಾರುತ್ತಾರೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಓದಿನ ಸಾಲಕ್ಕೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ‘ಪಢೋ ಪರದೇಶ್’ ಎಂಬ ಯೋಜನೆ ಇತ್ತು. 2022-23ರಿಂದ ಅದನ್ನು ನಿಲ್ಲಿಸಲಾಯಿತು. ಅದಕ್ಕಾಗಿ ಎಷ್ಟು ಜಮಾತ್‌ಗಳು ಒಂದು ಮನವಿ ಪತ್ರ ಕೊಟ್ಟವು? ಶಾದಿ ಮಹಲುಗಳ ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವುದರಲ್ಲಿ ನಾವು ಸೋಲಲಿಲ್ಲ.

ಸಾಲದಿಂದಲೇ ಕಲಿಯಬಹುದಾದ ಒಂದು ಪಾಠ ಇದೆ. ಕೆಲವು ಬ್ಯಾಂಕುಗಳು, ಹಣಕಾಸು ಕಂಪೆನಿಗಳು ಕೆಲವೇ ಶಾಲೆಗಳ ಪಟ್ಟಿ ಇಟ್ಟುಕೊಂಡು, ಅಲ್ಲಿ ಸೀಟು ಸಿಕ್ಕವರಿಗೆ ಮನೆಪತ್ರ ಕೇಳದೆ ಸಾಲ ಕೊಡುತ್ತವೆ. ಇನ್ಸಿಯಾಡ್ ಎಂಬ ಫ್ರಾನ್ಸಿನ ಹೆಸರಾಂತ ಬಿಸಿನೆಸ್ ಸ್ಕೂಲಿನಲ್ಲಿ ಓದಿದವರೇ 2007ರಲ್ಲಿ ಕಟ್ಟಿದ ಪ್ರಾಡಿಜಿ ಫೈನಾನ್ಸ್ ಎಂಬ ಸಂಸ್ಥೆಯಂತೂ ಜಾಮೀನುದಾರನನ್ನೂ ಕೇಳದೆ ಆಯ್ದ ಶಾಲೆಗಳ ವಿದೇಶಿ ವಿದ್ಯಾರ್ಥಿಗಳಿಗೆ ಸಾಲ ಕೊಡುತ್ತ ಬಂದಿದೆ. ಅವರ ಬಡ್ಡಿಯನ್ನು ನಾವು ಹೊಗಳುತ್ತಿಲ್ಲ, ಅವರಲ್ಲಿ ಸಾಲ ಮಾಡಿ ಎಂದೂ ಹೇಳುತ್ತಿಲ್ಲ. ಆ ಪಟ್ಟಿಯನ್ನು ನೋಡಿ ಎನ್ನುತ್ತೇವೆ. ಹುಡುಗನಿಗೆ ಕೆಲಸ ಸಿಗದಿದ್ದರೆ ಏಜೆಂಟನಿಗೆ ಒಂದು ಪೈಸೆಯೂ ನಷ್ಟವಿಲ್ಲ, ವಿಶ್ವವಿದ್ಯಾಲಯಕ್ಕೂ ಇಲ್ಲ, ರ್‍ಯಾಂಕ್ ಪಟ್ಟಿಯವರಿಗೂ ಇಲ್ಲ. ಸಾಲ ಕೊಟ್ಟವನಿಗೆ ಇದೆ. ನಷ್ಟದ ಭಯ ಇರುವವನು ತಯಾರಿಸಿದ ಪಟ್ಟಿ ಲಾಭದ ಆಸೆ ಇರುವವನ ಪಟ್ಟಿಗಿಂತ ಮೇಲು. ನಿಮ್ಮ ಮನೆಪತ್ರವಿಲ್ಲದೆ ಯಾರೂ ಸಾಲ ಕೊಡದ ಶಾಲೆಯೆಂದರೆ, ಅಲ್ಲಿ ಕಲಿತದ್ದರಿಂದ ಸಾಲ ತೀರುತ್ತದೆಂದು ದುಡ್ಡಿನವರು ನಂಬಿಲ್ಲ ಎಂದೇ ಅರ್ಥ. ಜತೆಗೆ ರೂಪಾಯಿಯ ಇಳಿತ ಬೇರೆ. 2011ರಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು, 2025ರ ಡಿಸೆಂಬರಿನಲ್ಲಿ 90 ದಾಟಿತು. ಎರಡು ವರ್ಷದ ಕೋರ್ಸಿಗೆ ಮೊದಲ ವರ್ಷದ ದರದಲ್ಲಿ ಲೆಕ್ಕ ಹಾಕಿದವರು ಎರಡನೆಯ ವರ್ಷ ಮತ್ತೆ ಯಾರ ಬಾಗಿಲು ಬಡಿಯಬೇಕು?

ಅಷ್ಟಾದರೂ ಹೋಗುವುದೇಕೆ? ನಾವು ಕೇಳಿದ ಉತ್ತರಗಳಲ್ಲಿ ‘ಓದುವುದಕ್ಕೆ’ ಎಂಬುದು ಅಪರೂಪ. ಹುಡುಗನ ಮದುವೆಯ ಬಯೋಡಾಟಾದಲ್ಲಿ ‘ಎಂಬಿಎ, ಯು.ಕೆ.’ ಎಂದಿದ್ದರೆ ಬರುವ ಸಂಬಂಧಗಳೇ ಬೇರೆ. ದೊಡ್ಡಪ್ಪನ ಮಗ ಹೋದ, ಇವನು ಹೋಗದಿದ್ದರೆ ಇಜ್ಜತ್ತಿನ ಪ್ರಶ್ನೆ. ಅದೇ ಮನೆಯಲ್ಲಿ ಅವನಿಗಿಂತ ಹೆಚ್ಚು ಅಂಕ ತೆಗೆದ ತಂಗಿ ಇರುತ್ತಾಳೆ. ಅವಳು ಎರಡು ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸವನ್ನೂ ಮಾಡಿರುತ್ತಾಳೆ. ನಿಜವಾದ ಎಂಬಿಎಗೆ ಬೇಕಾದದ್ದು ಆ ಮನೆಯಲ್ಲಿ ಇರುವುದು ಅವಳೊಬ್ಬಳ ಬಳಿ. ಅವಳ ಪಾಲಿನ ಒಡವೆ ಅಣ್ಣನ ಠೇವಣಿಗೆ ಹೋಗುತ್ತದೆ. “ಬೇಟಿ, ನೀನು ಇಲ್ಲೇ ಬಿ.ಇಡಿ. ಮಾಡು” ಎನ್ನುತ್ತಾರೆ. ಅವಳು ಮಾಡುತ್ತಾಳೆ. ಅಣ್ಣ ವಾಪಸು ಬಂದಾಗ ಮನೆ ನಡೆಯುವುದು ಅವಳ ಮೇಷ್ಟ್ರಗಿರಿಯ ಸಂಬಳದಲ್ಲಿ. ಕಥೆ ಬರೆಯುವ ನಾವು ಇದನ್ನು ಕಥೆಯಾಗಿ ಬರೆದರೆ ತೀರಾ ಹೇಳಿ ಮಾಡಿಸಿದಂತಿದೆ ಎಂದು ಸಂಪಾದಕರು ಹಿಂದಕ್ಕೆ ಕಳಿಸಿಯಾರು.

ಇಷ್ಟು ಹೇಳಿದ್ದಕ್ಕೆ ಸ್ನೇಹಿತರೊಬ್ಬರು ಸಿಟ್ಟಾದರು. “ಸಾಹೇಬ್ರೆ, ನಿಮ್ಮ ಮಾತು ಕೇಳಿದರೆ ನಮ್ಮ ಮಕ್ಕಳು ಪಂಕ್ಚರ್ ಅಂಗಡಿಯಲ್ಲೇ ಕೂರಬೇಕು. ಇಲ್ಲಿ ನಮ್ಮ ಹೆಸರು ನೋಡಿ ಕೆಲಸ ಕೊಡದವರೂ ಇದ್ದಾರೆ. ಹೊರಗೆ ಹೋದರೆ ಕನಿಷ್ಠ ಆ ಕಾಟ ಇಲ್ಲ.” ಈ ಮಾತಿನಲ್ಲಿರುವ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬಾಗಿಲು ತೆರೆಯದವನ ಮೇಲಿನ ಸಿಟ್ಟಿಗೆ ಅಲ್ಲಿ ಜೇಬು ಕತ್ತರಿಸುವವನ ಕೈಗೆ ಮಗನನ್ನು ಕೊಡುವುದು ಯಾವ ನ್ಯಾಯ? 2006ರ ಸಾಚಾರ್ ವರದಿ ಒಂದು ಲೆಕ್ಕ ಕೊಟ್ಟಿತ್ತು: ಆಗ ದೇಶದ ಐಐಎಂಗಳ ಎಲ್ಲ ಕೋರ್ಸುಗಳಲ್ಲಿ ಮುಸ್ಲಿಂ ವಿದ್ಯಾರ್ಥಿಗಳು ನೂರಕ್ಕೆ 1.3. ನಮ್ಮ ಬೆಂಗಳೂರಿನ ಐಐಎಂ 1973ರಲ್ಲಿ ಆರಂಭವಾಗಿ, ಬನ್ನೇರುಘಟ್ಟ ರಸ್ತೆಯ ಆಚೆ ಈಚೆ ಹೆಸರು ಮಾಡಿದ ಸಂಸ್ಥೆ. ಶಿವಾಜಿನಗರದಿಂದ ಬಸ್ಸಿದೆ. ಅಲ್ಲಿಗೆ ಬೇಕಾದ ಕ್ಯಾಟ್ ಪರೀಕ್ಷೆಯ ತರಬೇತಿಗೆ ವರ್ಷಕ್ಕೆ ಇಪ್ಪತ್ತು ಮಕ್ಕಳನ್ನು ತಯಾರು ಮಾಡುವ ಖರ್ಚು ಒಬ್ಬ ಹುಡುಗನ ಬ್ರಿಟಿಷ್ ಎಂಬಿಎಯ ಖರ್ಚಿಗಿಂತ ಬಹಳ ಕಡಿಮೆ. ಆ ಖರ್ಚು ಮಾಡುವ ಅಂಜುಮನ್ ಒಂದನ್ನು ತೋರಿಸಿದರೆ ನಾವೇ ಹೋಗಿ ಶಾಲು ಹೊದಿಸುತ್ತೇವೆ.

ಹೋಗಬಾರದೆಂದು ನಾವು ಹೇಳುತ್ತಿಲ್ಲ. ಮೂರು ನಾಲ್ಕು ವರ್ಷ ಎಲ್ಲಾದರೂ ಬೆವರು ಸುರಿಸಿ ದುಡಿದು, ಏನು ಗೊತ್ತಿಲ್ಲ ಎಂಬುದು ಗೊತ್ತಾದ ಮೇಲೆ ಹೋಗಲಿ. ಜಿಮ್ಯಾಟ್ ಕೇಳುವ ಶಾಲೆಗೇ ಹೋಗಲಿ; ಕೇಳುವವನಿಗೆ ಆರಿಸುವ ಅಗತ್ಯವಿದೆ ಎಂದರ್ಥ. ಅಮೆರಿಕದ ಮೇಲುಸ್ತರದ ಎರಡು ವರ್ಷದ ಎಂಬಿಎ ಊಟ ವಸತಿ ಸೇರಿ ಎರಡು ಲಕ್ಷ ಡಾಲರ್ ದಾಟುತ್ತದೆ ಎಂಬುದು ನಿಜ. ಆದರೆ ಅರ್ಜಿದಾರನ ತೂಕ ನೋಡಿ ವಿದ್ಯಾರ್ಥಿವೇತನ ಕೊಡುವುದೂ ಅಂಥ ಶಾಲೆಗಳೇ. ಹುಡುಗ ತಾನೇ ನೇರವಾಗಿ ಅರ್ಜಿ ಹಾಕಲಿ. ನಾಲ್ಕು ಪ್ರಬಂಧ ಬರೆದು ಒಂದು ಅರ್ಜಿ ತುಂಬಲಾರದವನು ಅಲ್ಲಿ ಹೋಗಿ ಕಂಪೆನಿ ನಡೆಸುವುದನ್ನು ಹೇಗೆ ಕಲಿತಾನು? ಅದೇ ಶಾಲೆಯಲ್ಲಿ ಹಿಂದಿನ ವರ್ಷ ಓದಿ ಮುಗಿಸಿದ ಇಬ್ಬರು ಭಾರತೀಯರನ್ನು ತಾನೇ ಹುಡುಕಿ ಫೋನು ಮಾಡಲಿ. ಏಜೆಂಟ್ ಕೊಟ್ಟ ನಂಬರಿಗೆ ಮಾಡಬೇಡಿ, ಆ ಕಡೆ ಮಾತಾಡುವವನಿಗೂ ಪಾಲಿರಬಹುದು.

ಇಷ್ಟಾಗಿಯೂ ಏಜೆಂಟನ ಮೇಜಿನ ಮುಂದೆಯೇ ಕೂರುವುದಾದರೆ, ಠೇವಣಿ ಕಟ್ಟುವ ಮುನ್ನ ಒಂದು ಕಾಗದ ಮುಂದಿಡಿ. ಈ ವಿಶ್ವವಿದ್ಯಾಲಯದಿಂದ ತನಗೆ ನಮ್ಮ ಮಗನ ತಲೆಗೆ ಎಷ್ಟು ಬರುತ್ತದೆ, ಕಳೆದ ವರ್ಷ ತಾನು ಇದೇ ಕೋರ್ಸಿಗೆ ಕಳಿಸಿದವರಲ್ಲಿ ಎಷ್ಟು ಮಂದಿಗೆ ಆ ದೇಶದಲ್ಲಿ ವೀಸಾ ಕೊಡಿಸುವಂಥ ಕೆಲಸ ಸಿಕ್ಕಿತು, ವೀಸಾ ನಿರಾಕರಣೆಯಾದರೆ ಕಟ್ಟಿದ್ದರಲ್ಲಿ ಎಷ್ಟು, ಎಷ್ಟು ದಿನದೊಳಗೆ ವಾಪಸು ಬರುತ್ತದೆ. ಈ ಮೂರನ್ನೂ ತನ್ನ ಕಚೇರಿಯ ಮೊಹರಿನ ಕಾಗದದಲ್ಲಿ ಬರೆದು ಸಹಿ ಹಾಕಲು ಹೇಳಿ. ಬಾಯಲ್ಲಿ ಹೇಳಿದರೆ ಒಪ್ಪಬೇಡಿ. “ಅಂಕಲ್, ಸೀಟು ಎರಡೇ ಉಳಿದಿದೆ, ಇವತ್ತೇ ಕಟ್ಟಿಬಿಡಿ” ಎಂದರೆ, ಆ ಎರಡು ಸೀಟನ್ನೂ ಅವನಿಗೇ ಬಿಟ್ಟು ಮಗನನ್ನು ಕರೆದುಕೊಂಡು ಮನೆಗೆ ಬನ್ನಿ.